ಕಂಪ್ಯೂಟರ್ ನಮ್ಮದು, ತೆರೆಯುವ ಹಕ್ಕು ಯಾರದು?



ವಿಂಡೋಸ್ 10 ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪೆನಿಯು ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ದಿನದ ಆಸುಪಾಸಿನಲ್ಲಿ ಧರ್ಮಕೇಂದ್ರಗಳ ಕಚೇರಿಗಳಿಂದ, ಶಾಲೆಗಳಿಂದ, ಕಾನ್ವೆಂಟುಗಳಿಂದ ಒಂದೇ ಪ್ರಶ್ನೆ ನಮ್ಮ ಕಿವಿಗೆ ಮತ್ತೆ ಮತ್ತೆ ಬಿತ್ತು: "ಇರುವ ಕಂಪ್ಯೂಟರನ್ನು ಇನ್ನು ಬಿಸಾಡಬೇಕೇ?" ಹೊಸದು ತೆಗೆದುಕೊಳ್ಳಿ ಎಂಬುದು ಅಂಗಡಿಯವರ ಉತ್ತರ. ದುಡ್ಡಿಲ್ಲ ಎಂಬುದು ಹಣಕಾಸು ಸಮಿತಿಯವರ ಉತ್ತರ. ಇವೆರಡರ ನಡುವೆ ಮೂರನೆಯ ಉತ್ತರವೊಂದಿದೆ. ಯಂತ್ರವನ್ನು ನಾವೇ ತೆರೆದು, ಒಳಗಿನ ಒಂದು ಭಾಗವನ್ನು ಬದಲಾಯಿಸುವುದು. ಅಷ್ಟು ಸಣ್ಣ ಕೆಲಸದ ಬಗ್ಗೆ ಇಲ್ಲಿ ಬರೆಯುವ ಅಗತ್ಯವಿದೆಯೇ ಎಂದು ಕೆಲವರಿಗೆ ಅನಿಸಬಹುದು. ನಮಗೂ ಹಾಗೆಯೇ ಅನಿಸಿತ್ತು. ಆದರೆ ಈ ಸಣ್ಣ ಕೆಲಸದ ಹಿಂದೆ ಕಾನೂನು, ವ್ಯಾಪಾರ, ಪರಿಸರ ಹಾಗೂ ನಮ್ಮ ಜನರ ಖಾಸಗಿ ವಿವರಗಳ ಸುರಕ್ಷತೆ ಎಲ್ಲವೂ ಸೇರಿಕೊಂಡಿವೆ ಎಂದು ತಿಳಿದದ್ದು ತಾಂಡವಪುರದಲ್ಲಿ.

ತಾಂಡವಪುರದ ಒಂದು ಸಂಜೆ

ನಮ್ಮ ಕಚೇರಿಯಲ್ಲಿರುವುದು ಚಿಕ್ಕ ಗಾತ್ರದ ಡೆಸ್ಕ್‌ಟಾಪ್. ಒಂದು ದಪ್ಪ ಪುಸ್ತಕದಷ್ಟಿದೆ. ಮಾನಿಟರಿನ ಹಿಂದೆ ಅಡಗಿ ಕೂರುತ್ತದೆ. 2019ರಲ್ಲಿ ಕೊಂಡದ್ದು. ಬೆಳಿಗ್ಗೆ ಗುಂಡಿ ಒತ್ತಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದು ಪ್ರಮಾಣಪತ್ರ ಮುದ್ರಿಸಿ ಕೊಡಲು ಜನರನ್ನು ಅರ್ಧ ಗಂಟೆ ಕೂರಿಸಬೇಕಾಗುತ್ತಿತ್ತು. ಅಂಗಡಿಯೊಂದಕ್ಕೆ ಒಯ್ದಾಗ ಅವರು ಅದನ್ನು ತೆರೆದೂ ನೋಡದೆ, "ಇದರ ಕಾಲ ಮುಗಿಯಿತು ಫಾದರ್" ಎಂದರು.

2025ರ ನವೆಂಬರ್‌ನಲ್ಲಿ ಕೆಲಸದ ನಿಮಿತ್ತ ಮೈಸೂರಿಗೆ ಹೋಗಬೇಕಾಗಿ ಬಂತು. ಅಲ್ಲಿಂದ ನಂಜನಗೂಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಕಡಕೊಳ ದಾಟಿದ ಮೇಲೆ ತಾಂಡವಪುರ ಸಿಗುತ್ತದೆ. ಚಾಮರಾಜನಗರದ ರೈಲು ಮಾರ್ಗದಲ್ಲಿ ಅದಕ್ಕೊಂದು ಪುಟ್ಟ ನಿಲ್ದಾಣವಿದೆ. ಸುತ್ತ ಕಾರ್ಖಾನೆಗಳು, ಹತ್ತಿರದಲ್ಲೇ ಒಂದು ಇಂಜಿನಿಯರಿಂಗ್ ಕಾಲೇಜು. ಅಲ್ಲಿ ನಮಗೆ ಪರಿಚಯದ ಒಂದು ಕುಟುಂಬವಿದೆ. ಮಗ ಕಾರ್ಖಾನೆಯೊಂದರಲ್ಲಿ ತಂತ್ರಜ್ಞ. ವಿಷಯ ತಿಳಿದು, "ಆ ಕಂಪ್ಯೂಟರನ್ನೂ ತನ್ನಿ, ಮೈಸೂರಿನಿಂದ ಬರುವಾಗ ಇಂಥ ಒಂದು ಎಸ್‌ಎಸ್‌ಡಿ ಕೊಂಡು ತನ್ನಿ" ಎಂದು ಫೋನಿನಲ್ಲಿ ಹೇಳಿದ್ದ. ಚೀಲದೊಳಗೆ ಹಿಡಿಸುವ ಯಂತ್ರವಾದ್ದರಿಂದ ಹೊತ್ತುಕೊಂಡು ಹೋದೆವು.

ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಅವನು ಸ್ಕ್ರೂಡ್ರೈವರ್ ತಂದಿಟ್ಟಾಗ ತಾಯಿಗೆ ಗಾಬರಿ. "ಬೇಡ ಕಣೋ, ಫಾದರ್ ಸಾಮಾನನ್ನ ಬಿಚ್ಚಿ ಹಾಳು ಮಾಡ್ಬಿಟ್ಟೀಯ" ಎಂದರು. ಅವನು ನಕ್ಕು ನಮ್ಮ ಕಡೆ ತಿರುಗಿದ. "ಫಾದರ್, ಬಿಚ್ಚೋದು ಆಮೇಲೆ. ಇದರಲ್ಲಿರೋದಕ್ಕೆಲ್ಲ ಇನ್ನೊಂದು ಕಾಪಿ ಇದೆಯಾ?"

ಇರಲಿಲ್ಲ. ಹಲವು ವರ್ಷಗಳ ಸ್ನಾನದೀಕ್ಷೆ ಮತ್ತು ವಿವಾಹ ದಾಖಲೆಗಳ ಸೂಚಿ, ಕುಟುಂಬಗಳ ಪಟ್ಟಿ, ಲೆಕ್ಕಪತ್ರ ಎಲ್ಲವೂ ಇದ್ದದ್ದು ಆ ಒಂದೇ ಡಿಸ್ಕಿನಲ್ಲಿ. ಪೆನ್ ಡ್ರೈವಿಗೆ ಹಾಕಿಡೋಣ ಎಂದು ಎಷ್ಟೋ ಸಲ ಅಂದುಕೊಂಡು ಮರೆತಿದ್ದೆವು. ನಕಲು ಆಗುವವರೆಗೆ ಸ್ಕ್ರೂ ಮುಟ್ಟುವುದಿಲ್ಲ ಎಂದು ಆ ಹುಡುಗ ಕಡ್ಡಿ ಮುರಿದಂತೆ ಹೇಳಿದ. ನಕಲು ಮುಗಿಯಲು ಮೂರು ಗಂಟೆ ಹಿಡಿಯಿತು. ನಡುನಡುವೆ ಡಿಸ್ಕ್ ಕಟಕಟ ಸದ್ದು ಮಾಡುತ್ತಿತ್ತು. ಕೊನೆಗೆ ನಾಲ್ಕು ಕಡತಗಳನ್ನು ಓದಲಾಗಲಿಲ್ಲ. ಅದರಲ್ಲಿ ಒಂದು, ಒಂದು ಇಡೀ ವರ್ಷದ ವಿವಾಹಗಳ ಪಟ್ಟಿ. ಕಾಗದದ ದಾಖಲೆ ಪುಸ್ತಕ ಕಪಾಟಿನಲ್ಲಿ ಇದ್ದುದರಿಂದ ಬಚಾವಾದೆವು. ಊರಿಗೆ ಮರಳಿ ಅದನ್ನು ಮತ್ತೆ ಟೈಪ್ ಮಾಡಿಸಿದೆವು. ಇನ್ನು ಕೆಲವು ತಿಂಗಳು ತಡವಾಗಿದ್ದರೆ ಪೂರ್ತಿ ಡಿಸ್ಕೇ ಹೋಗುತ್ತಿತ್ತು ಎಂದು ಅವನು ಹೇಳಿದ.

ಇಷ್ಟೆಲ್ಲ ಆದ ಮೇಲೆ ಯಂತ್ರ ತೆರೆದು ಹೊಸ ಡ್ರೈವ್ ಕೂರಿಸಿ ಮುಚ್ಚಲು ಬೇಕಾದದ್ದು ಕಾಲು ಗಂಟೆ. ಗುಂಡಿ ಒತ್ತಿದ ಅರ್ಧ ನಿಮಿಷದೊಳಗೆ ಕಂಪ್ಯೂಟರ್ ಕೆಲಸಕ್ಕೆ ಸಿದ್ಧವಾಯಿತು. ಕಾಲ ಮುಗಿಯಿತು ಎನಿಸಿಕೊಂಡ ಅದೇ ಯಂತ್ರ ಇಂದಿಗೂ ನಮ್ಮ ಕಚೇರಿಯಲ್ಲಿ ಕೆಲಸ ಮಾಡುತ್ತಿದೆ.

ಬದಲಾದದ್ದು ಏನು?

ಹಾರ್ಡ್ ಡಿಸ್ಕನ್ನು ಹಳೆಯ ಗ್ರಾಮಫೋನಿಗೆ ಹೋಲಿಸಬಹುದು. ಒಳಗೆ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಮುಳ್ಳಿನಂಥ ತೋಳೊಂದು ಅದರ ಮೇಲೆ ಅತ್ತಿತ್ತ ಓಡಾಡಿ ಮಾಹಿತಿ ಹುಡುಕುತ್ತದೆ. ಈ ತಂತ್ರ ಹುಟ್ಟಿದ್ದು 1956ರಲ್ಲಿ. ಐಬಿಎಂ ಕಂಪೆನಿಯ ಆ ಮೊದಲ ಯಂತ್ರದಲ್ಲಿ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದದ್ದು ಸುಮಾರು 5 ಮೆಗಾಬೈಟ್, ಅಂದರೆ ಇಂದಿನ ಮೊಬೈಲಿನ ಒಂದೆರಡು ಫೋಟೋಗಳಷ್ಟು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡುವ ತೋಳೂ ಇಲ್ಲ. ಹಸಿರು ಹಲಗೆಯ ಮೇಲೆ ಕೂರಿಸಿದ ಚಿಪ್ಪುಗಳಲ್ಲಿ ಮಾಹಿತಿ ಉಳಿಯುತ್ತದೆ. ಇದಕ್ಕೆ ಆಧಾರವಾದ ಫ್ಲ್ಯಾಶ್ ಮೆಮೊರಿಯನ್ನು ಜಪಾನಿನ ತೋಶಿಬಾ ಕಂಪೆನಿಯಲ್ಲಿದ್ದ ಫುಜಿಯೊ ಮಸುಒಕಾ ಎಂಬ ಇಂಜಿನಿಯರ್ 1980ರ ದಶಕದಲ್ಲಿ ರೂಪಿಸಿದರು.

ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟಿನ ಆಸುಪಾಸಿನಲ್ಲಿ ಓದಿದರೆ ಸಾಟಾ ಮಾದರಿಯ ಎಸ್‌ಎಸ್‌ಡಿ 500ಕ್ಕೂ ಹೆಚ್ಚು ಓದುತ್ತದೆ. ಆದರೆ ನಿಜವಾದ ಲಾಭ ಈ ಅಂಕಿಗಿಂತ ದೊಡ್ಡದು. ಕಂಪ್ಯೂಟರ್ ಶುರುವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಅಲ್ಲಲ್ಲಿಂದ ಹೆಕ್ಕಿ ತೆಗೆಯಬೇಕು. ತೋಳು ಪ್ರತಿ ಸಲ ಓಡಾಡುವುದರಲ್ಲೇ ಸಮಯ ಹೋಗುತ್ತದೆ. ಎಸ್‌ಎಸ್‌ಡಿಗೆ ಆ ಓಡಾಟವಿಲ್ಲ. ಹಾಗಾಗಿ ಪ್ರೊಸೆಸರ್ ಹಳೆಯದೇ ಇದ್ದರೂ ಬಳಸುವವರಿಗೆ ಯಂತ್ರ ಹೊಸದಾದಂತೆ ತೋರುತ್ತದೆ. ಅನೇಕ ಕಚೇರಿಗಳಲ್ಲಿ "ಕಂಪ್ಯೂಟರ್ ಹಳೆಯದಾಯಿತು" ಎಂಬ ದೂರಿನ ಹಿಂದೆ ಇರುವುದು ಹಾರ್ಡ್ ಡಿಸ್ಕ್ ಒಂದೇ.

ಮಾಡುವ ಕ್ರಮ

ಇದನ್ನು ಯಾರು ಬೇಕಾದರೂ ಮಾಡಬಹುದು. ಕ್ರಮ ತಪ್ಪಬಾರದು ಅಷ್ಟೇ. ಮೊದಲನೆಯದಾಗಿ ನಕಲು. ಹೊರಗಿನ ಡಿಸ್ಕಿಗೆ ಎಲ್ಲ ಕಡತಗಳನ್ನೂ ಹಾಕಿ, ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಕಡತಗಳು ತೆರೆಯುತ್ತವೆಯೇ ಎಂದು ನೋಡಬೇಕು. ತೆರೆದು ನೋಡದ ನಕಲನ್ನು ನಂಬಿ ಕೂರಬಾರದು.

ಎರಡನೆಯದಾಗಿ, ಯಂತ್ರಕ್ಕೆ ಯಾವ ಡ್ರೈವ್ ಹಿಡಿಸುತ್ತದೆ ಎಂದು ತಿಳಿಯಬೇಕು. ಚಿಕ್ಕ ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು, ಇಸ್ಪೀಟು ಕಟ್ಟಿನಂಥ ಎರಡೂವರೆ ಇಂಚಿನ ಸಾಟಾ ಡ್ರೈವ್. ಇನ್ನೊಂದು ಎಂ.2 ಎಂಬ ಪಟ್ಟಿ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ್ದು ಹೆಚ್ಚು ಬಳಕೆಯಲ್ಲಿದೆ. ಈ ಪಟ್ಟಿಗಳಲ್ಲೂ ಸಾಟಾ ಮತ್ತು ಎನ್‌ವಿಎಂಇ ಎಂದು ಎರಡು ಜಾತಿ. ನೋಡಲು ಒಂದೇ ಥರ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೇ ಹೋಗಬಹುದು. ತಯಾರಕರ ಜಾಲತಾಣದಲ್ಲಿ ಮಾದರಿಯ ಹೆಸರು ಹಾಕಿ ಕೈಪಿಡಿ ತೆರೆದರೆ ಯಾವುದು ಬೇಕೆಂದು ಬರೆದಿರುತ್ತದೆ. ಹಣ ಕೊಡುವ ಮೊದಲು ಐದು ನಿಮಿಷ ಇದಕ್ಕೆ ಕೊಡಿ.

ಮೂರನೆಯದಾಗಿ, ಹಳೆಯ ಡಿಸ್ಕಿನಲ್ಲಿರುವುದನ್ನು ಇದ್ದಂತೆಯೇ ಹೊಸದಕ್ಕೆ ಇಳಿಸಬಹುದು. ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶಗಳಿವೆ. ಇಲ್ಲವೇ ಹೊಸ ಡ್ರೈವಿಗೆ ವಿಂಡೋಸನ್ನು ಹೊಸದಾಗಿ ಹಾಕಿ, ಕಡತಗಳನ್ನು ನಕಲಿನಿಂದ ತರಬಹುದು. ಹಳೆಯ ಡಿಸ್ಕ್ ಸದ್ದು ಮಾಡುತ್ತಿದ್ದರೆ ಎರಡನೆಯ ದಾರಿಯೇ ಕ್ಷೇಮ. ವಿಂಡೋಸ್ 10 ಅಥವಾ 11ರ ಡಿಜಿಟಲ್ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡ್ರೈವ್ ಬದಲಾಯಿಸಿದರೆ ಮತ್ತೆ ಹಣ ಕೊಡಬೇಕಾಗಿಲ್ಲ. ಆದರೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ ಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ ತೆರೆಯುವುದು. ತಂತಿಗಳನ್ನೆಲ್ಲ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ಚಿಪ್ಪುಗಳಿಗೆ ಹಾನಿ ಮಾಡಬಲ್ಲದು. ಬಣ್ಣ ಬಳಿಯದ ಕಬ್ಬಿಣದ ಕಿಟಕಿ ಸರಳನ್ನೋ ನಲ್ಲಿಯನ್ನೋ ಮುಟ್ಟಿ ಆಮೇಲೆ ಕೈ ಹಾಕಿ. ಹಲವು ಚಿಕ್ಕ ಡೆಸ್ಕ್‌ಟಾಪುಗಳಲ್ಲಿ ಹಿಂಬದಿಯ ಒಂದೇ ಸ್ಕ್ರೂ ತೆಗೆದರೆ ಮುಚ್ಚಳ ಜಾರಿ ಬರುತ್ತದೆ. ತೆಗೆದ ಪ್ರತಿಯೊಂದು ಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಮರುಜೋಡಣೆ ಸುಲಭ. ಯಾವುದನ್ನೂ ಬಲ ಹಾಕಿ ಒತ್ತಬೇಡಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಒಳಗೆ ತುಕ್ಕು, ಧೂಳು ಕಂಡರೆ ಮೆತ್ತನೆಯ ಕುಂಚದಿಂದ ಒರಸಿ. ಯಂತ್ರ ವಾರಂಟಿಯಲ್ಲಿದ್ದರೆ ತೆರೆಯುವ ಮೊದಲು ಅದರ ಷರತ್ತುಗಳನ್ನು ಓದಿ.

ನಂಜನಗೂಡಿನ ಸೇತುವೆ

ಇಷ್ಟು ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು. ತಾಂಡವಪುರದಿಂದ ಮುಂದೆ ನಂಜನಗೂಡಿಗೆ ಹೋದರೆ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಕಾಣುತ್ತದೆ. ರೈಲು ಬಂದಾಗ ಅದನ್ನು ಕೆಡವಲಿಲ್ಲ. ಅದರ ಮೇಲೆಯೇ ಹಳಿ ಹಾಸಿದರು. ಬಹಳ ಕಾಲ ಒಂದೇ ಸೇತುವೆಯ ಮೇಲೆ ಗಾಡಿಯೂ ರೈಲೂ ಓಡಿದವು. ಬ್ರಾಡ್‌ಗೇಜ್ ಬಂದಾಗ ಮಾತ್ರ ಅದಕ್ಕೆ ಆ ಭಾರ ಒಪ್ಪುವುದಿಲ್ಲವೆಂದು ಬೇರೆ ಸೇತುವೆ ಕಟ್ಟಬೇಕಾಯಿತು. ಕಂಪ್ಯೂಟರಿನ ವಿಷಯವೂ ಹೀಗೆಯೇ.

ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಈಚಿನದಾಗಿರಬೇಕು. ಅಂದರೆ ಹೆಚ್ಚುಕಡಿಮೆ 2018ರ ಈಚೆಗಿನ ಯಂತ್ರಗಳು. ನಮ್ಮದು ಆ ಗೆರೆಯ ಈಚೆಗಿದ್ದುದರಿಂದ ವಿಂಡೋಸ್ 11 ಹತ್ತಿತು. ಅದಕ್ಕಿಂತ ಹಳೆಯ ಯಂತ್ರಕ್ಕೆ ಎಷ್ಟು ಒಳ್ಳೆಯ ಎಸ್‌ಎಸ್‌ಡಿ ಹಾಕಿದರೂ ಈ ತೊಡಕು ನೀಗುವುದಿಲ್ಲ. ಅಂಗಡಿಯವರು ಇವೆರಡನ್ನೂ ಬೆರೆಸಿ ಮಾತನಾಡುತ್ತಾರೆ, ನಾವು ಬೆರೆಸಬಾರದು. ನಿಧಾನವಾಗಿರುವುದು ಒಂದು ಕಾಯಿಲೆ, ಭದ್ರತಾ ಪರಿಷ್ಕರಣೆ ನಿಂತಿರುವುದು ಇನ್ನೊಂದು.

ಎರಡನೆಯ ಕಾಯಿಲೆಗೂ ದಾರಿಗಳಿವೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಪರಿಷ್ಕರಣೆ ನೀಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಅದು ಸ್ವಲ್ಪ ಕಾಲಾವಕಾಶ ಅಷ್ಟೇ. ಇನ್ನೊಂದು ದಾರಿ, ಉಚಿತವಾಗಿ ದೊರೆಯುವ ಲಿನಕ್ಸ್. ಇದು ಪರಿಣತರಿಗೆ ಮಾತ್ರ ಎಂಬ ಭಯ ಬೇಡ. ನಮ್ಮ ನೆರೆಯ ಕೇರಳದಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅವರಲ್ಲಿ ಸೇರಿದ್ದಾರೆ. ಪತ್ರ ಬರೆಯುವುದು, ಲೆಕ್ಕ ಇಡುವುದು, ಇಮೇಲ್ ನೋಡುವುದು ಇಷ್ಟೇ ಕೆಲಸವಿರುವ ಕಚೇರಿಗೆ ಅದು ಧಾರಾಳ ಸಾಕು. ಇವೆರಡೂ ಒಗ್ಗದಿದ್ದರೆ ಆಗ ಹೊಸ ಯಂತ್ರದ ಮಾತು.

ಬೆಸುಗೆ ಹಾಕಿದ ಬಾಗಿಲು

ನಮ್ಮ ಯಂತ್ರ ತೆರೆಯಲು ಸಾಧ್ಯವಾದದ್ದು ಅದನ್ನು ಮಾಡಿದವರು ತೆರೆಯುವಂತೆ ಮಾಡಿದ್ದರಿಂದ. ಎಲ್ಲ ಯಂತ್ರಗಳೂ ಹಾಗಿಲ್ಲ. ಆ್ಯಪಲ್ ಕಂಪೆನಿಯ ಮ್ಯಾಕ್ ಮಿನಿಯನ್ನೇ ನೋಡಿ. 2005ರಲ್ಲಿ ಮೊದಲ ಮಾದರಿ ಬಂದಾಗ ಅದನ್ನು ತೆರೆಯಲು ಪುಟ್ಟಿ ಹಚ್ಚುವ ಚಪ್ಪಟೆ ಅಲಗು ಬೇಕಾಗುತ್ತಿತ್ತು; ಆದರೂ ಉತ್ಸಾಹಿಗಳು ಹಾರ್ಡ್ ಡಿಸ್ಕ್ ಬದಲಾಯಿಸುತ್ತಿದ್ದರು. 2014ರ ಮಾದರಿಯಲ್ಲಿ ಮೆಮೊರಿಯನ್ನು ಹಲಗೆಗೇ ಬೆಸೆದರು. 2018ರಲ್ಲಿ ಸಂಗ್ರಹದ ಚಿಪ್ಪುಗಳನ್ನೂ ಬೆಸೆದರು. 2024ರ ಮಾದರಿಯಲ್ಲಿ ಸಂಗ್ರಹ ಮತ್ತೆ ಕಳಚಬಹುದಾದ ತುಂಡಾಯಿತು. ಆದರೆ ಅದು ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಎಂ.2 ಪಟ್ಟಿಯಲ್ಲ, ಬದಲಾಯಿಸಿದ ಮೇಲೆ ಯಂತ್ರವನ್ನು ಎಬ್ಬಿಸಲು ಇನ್ನೊಂದು ಮ್ಯಾಕ್ ಬೇಕು. ಬೆಸೆಯುವುದರಿಂದ ಯಂತ್ರ ತೆಳ್ಳಗಾಗುತ್ತದೆ, ವೇಗವೂ ಸಿಗಬಹುದು ಎಂಬುದು ತಯಾರಕರ ವಾದ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಂದು ಚಿಪ್ಪು ಕೆಟ್ಟರೆ ಇಡೀ ಹಲಗೆಯನ್ನೇ ಬದಲಾಯಿಸಬೇಕಾದ ಖರ್ಚು ಬೀಳುವುದು ಗ್ರಾಹಕನ ಮೇಲೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಮೊದಲು ಎದ್ದದ್ದು ಕಾರುಗಳ ವಿಷಯದಲ್ಲಿ. ಬಿಡಿಭಾಗಗಳನ್ನು ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಡೆದದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಅದರ ವಿರುದ್ಧ ಕಂಪೆನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತು, ಗೃಹೋಪಯೋಗಿ ಸಾಮಗ್ರಿ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಲಾಯಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಕೈಪಿಡಿಗಳು, ಸೇವಾಕೇಂದ್ರ, ಬಿಡಿಭಾಗಗಳ ವಿವರ ಒಂದೆಡೆ ಸಿಗುವಂಥ ಪೋರ್ಟಲ್ ಆರಂಭವಾಯಿತು. ವಸ್ತುವೊಂದನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದು ಎಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಒಪ್ಪಿಸಿತು. ಫ್ರಾನ್ಸ್ ದೇಶದಲ್ಲಿ ಲ್ಯಾಪ್‌ಟಾಪ್, ಮೊಬೈಲುಗಳಿಗೆ ಇಂಥ ಅಂಕವನ್ನು 2021ರಲ್ಲೇ ತೋರಿಸತೊಡಗಿದರು. ನಮ್ಮಲ್ಲಿ ನಡೆದಿರುವುದು ಒಳ್ಳೆಯ ಆರಂಭವೇ. ಆದರೆ ಪೋರ್ಟಲ್ ಎಂಬುದು ಮಾಹಿತಿ ಕೊಡುತ್ತದೆ, ತಯಾರಕರ ಕೈ ಕಟ್ಟುವುದಿಲ್ಲ.

ಚಿಕ್ಕ ಡೆಸ್ಕ್‌ಟಾಪುಗಳಿಗೆ ಸರಕಾರದ ಇನ್ನೊಂದು ನಿರ್ಧಾರವೂ ತಾಗಿತ್ತು. 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಜೊತೆಗೆ ಅತಿ ಚಿಕ್ಕ ಗಾತ್ರದ ಕಂಪ್ಯೂಟರುಗಳ ಆಮದಿಗೂ ಪರವಾನಗಿ ಬೇಕೆಂದು ಅಧಿಸೂಚನೆ ಬಂತು. ಆಕ್ಷೇಪಗಳ ನಂತರ ಅದನ್ನು ಸಡಿಲಿಸಿ, ನವೆಂಬರ್ 1ರಿಂದ ಆಮದು ನಿರ್ವಹಣಾ ವ್ಯವಸ್ಥೆ ತರಲಾಯಿತು. ದೇಶದೊಳಗೆ ತಯಾರಿಕೆ ಬೆಳೆಯಲಿ ಎಂಬ ಉದ್ದೇಶ ಸರಿಯಾದದ್ದೇ. ಇಲ್ಲಿ ತಯಾರಾಗುವ ಯಂತ್ರ ಇಲ್ಲಿಯೇ ದುರಸ್ತಿಯೂ ಆಗಲಿ ಎಂಬ ಮಾತೂ ಅದರೊಂದಿಗೆ ಸೇರಬೇಕಿತ್ತು.

ಪಕ್ಕದ ಊರಿನ ಹಲಗೆ

ತಾಂಡವಪುರದ ಆ ಮೇಜಿನ ಮೇಲೆ ನಮಗೆ ಇನ್ನೊಂದು ವಿಷಯ ಹೊಳೆಯಿತು. ಯಾವ ಹಸಿರು ಹಲಗೆಯನ್ನು ಕಂಡು ನಾವು ಹೆದರುತ್ತಿದ್ದೆವೋ ಅಂಥ ಹಲಗೆಗಳು ತಯಾರಾಗುವುದು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ನಂಜನಗೂಡಿನಲ್ಲಿ. ಆಸ್ಟ್ರಿಯಾ ದೇಶದ ಎಟಿ ಅಂಡ್ ಎಸ್ ಕಂಪೆನಿ 1999ರಲ್ಲಿ ಅಲ್ಲಿನ ಕಾರ್ಖಾನೆಯನ್ನು ಕೊಂಡು ಮುದ್ರಿತ ಸರ್ಕ್ಯೂಟ್ ಹಲಗೆಗಳನ್ನು ತಯಾರಿಸತೊಡಗಿತು. 1988ರಲ್ಲಿ ಆರಂಭವಾದ ಕೇನ್ಸ್ ಟೆಕ್ನಾಲಜಿ ಎಂಬ ಎಲೆಕ್ಟ್ರಾನಿಕ್ಸ್ ಕಂಪೆನಿಯ ಕೇಂದ್ರ ಇರುವುದೂ ಮೈಸೂರಿನಲ್ಲೇ. ಈ ಭಾಗದ ಎಷ್ಟೋ ಯುವಕ ಯುವತಿಯರು ಪ್ರತಿದಿನ ಪಾಳಿಯಲ್ಲಿ ನಿಂತು ಇಂಥ ಹಲಗೆಗಳನ್ನು ಕೈಯಲ್ಲಿ ಹಿಡಿಯುತ್ತಾರೆ. ಅವರ ಮನೆಗಳಲ್ಲೇ ಕಂಪ್ಯೂಟರ್ ನಿಧಾನವಾದರೆ "ಅದನ್ನು ನಾವು ಮುಟ್ಟಬಾರದು" ಎಂಬ ಭಾವನೆ. ನಮ್ಮ ಕರಾವಳಿಯಲ್ಲಿಯೂ ಪರಿಸ್ಥಿತಿ ಬೇರೆಯಿಲ್ಲ. ಊರು ತುಂಬ ಇಂಜಿನಿಯರಿಂಗ್ ಕಾಲೇಜು, ಐಟಿಐ, ಪಾಲಿಟೆಕ್ನಿಕ್‌ಗಳಿವೆ. ಒಂದು ಸ್ಕ್ರೂ ತೆಗೆಯಲು ಅಂಗಡಿಗೆ ಓಡುತ್ತೇವೆ.

ಒಂದು ತಲೆಮಾರಿನ ಹಿಂದೆ ಮನೆಯ ರೇಡಿಯೋವನ್ನೂ ಮೋಟಾರು ಪಂಪನ್ನೂ ಊರಿನವರೇ ಬಿಚ್ಚಿ ಸರಿ ಮಾಡುತ್ತಿದ್ದರು. ಆ ಧೈರ್ಯ ನಮ್ಮಿಂದ ಕಳೆದುಹೋಗಲು ಬೆಸುಗೆ ಹಾಕಿದವರಷ್ಟೇ ಕಾರಣರಲ್ಲ. ಬಿಸಾಡುವುದು ಸುಲಭ ಎಂದು ನಾವೂ ಒಪ್ಪಿಕೊಂಡೆವು.

ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಸರಿಯಾದ ಕ್ರಮದಲ್ಲಿ ಸಂಗ್ರಹಿಸಿ ಮರುಬಳಕೆ ಮಾಡಿದ ಲೆಕ್ಕ ಸಿಕ್ಕಿದ್ದು ಶೇ. 22.3ರಷ್ಟಕ್ಕೆ ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ಗುಜರಿಗಳಲ್ಲಿ ಒಡೆಯಲ್ಪಡುತ್ತದೆ, ಸುಡಲ್ಪಡುತ್ತದೆ. ಸೀಸದ ಹೊಗೆ ಕುಡಿಯುವವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಬೆಲೆಯ ಮಾತು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಏರತೊಡಗಿತು. ಕೃತಕ ಬುದ್ಧಿಮತ್ತೆಯ ಬೃಹತ್ ದತ್ತಾಂಶ ಕೇಂದ್ರಗಳು ಅವನ್ನು ಸಗಟಾಗಿ ಕೊಳ್ಳತೊಡಗಿದ್ದೇ ಮುಖ್ಯ ಕಾರಣ. 2025ರ ಡಿಸೆಂಬರ್ 3ರಂದು ಅಮೆರಿಕದ ಮೈಕ್ರಾನ್ ಕಂಪೆನಿ, ಸಾಮಾನ್ಯ ಗ್ರಾಹಕರಿಗೆ 'ಕ್ರೂಶಿಯಲ್' ಹೆಸರಿನಲ್ಲಿ ಮೆಮೊರಿ ಮತ್ತು ಎಸ್‌ಎಸ್‌ಡಿ ಮಾರುವ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಮನೆಯಲ್ಲೇ ಯಂತ್ರ ಸರಿಮಾಡಿಕೊಳ್ಳುವವರಿಗೆ ಆ ಹೆಸರು ಬಹಳ ವರ್ಷಗಳಿಂದ ಪರಿಚಿತ. ಬಾಗಿಲು ಬೆಸೆದರೆ ಒಂದು ಕಷ್ಟ. ಒಳಗೆ ಹಾಕಲು ಬಿಡಿಭಾಗವೇ ಸಿಗದಿದ್ದರೆ ಇನ್ನೊಂದು ಕಷ್ಟ. ಆದರೂ ಅಗತ್ಯಕ್ಕೆ ತಕ್ಕ ಗಾತ್ರದ ಡ್ರೈವ್ ಕೊಂಡರೆ ಹೊಸ ಯಂತ್ರಕ್ಕಿಂತ ಖರ್ಚು ಬಹಳ ಕಡಿಮೆ. ಪತ್ರ, ಪಟ್ಟಿ, ಲೆಕ್ಕಗಳಷ್ಟೇ ಇರುವ ಕಚೇರಿಗೆ 256 ಗಿಗಾಬೈಟ್ ಸಾಕು.

ಹಳೆಯ ಡಿಸ್ಕ್ ಎಲ್ಲಿದೆ?

ಕಾರ್ಯಕರ್ತರು ಗಮನಿಸಬೇಕಾದ ಮುಖ್ಯ ಮಾತು ಇದು. ಹೊಸ ಡ್ರೈವ್ ಹಾಕಿದ ಸಂತೋಷದಲ್ಲಿ ಹೊರತೆಗೆದ ಹಳೆಯ ಡಿಸ್ಕನ್ನು ಮರೆಯುತ್ತೇವೆ. ಅದರಲ್ಲಿ ಜನರ ಹುಟ್ಟು, ಮದುವೆ, ವಿಳಾಸ, ಫೋನ್ ಸಂಖ್ಯೆ, ದೇಣಿಗೆ ಎಲ್ಲ ಇರುತ್ತವೆ. ಕೆಲವೊಮ್ಮೆ ಸಂಸಾರದ ತೊಂದರೆಗಳನ್ನು ಹೇಳಿಕೊಂಡು ಬರೆದ ಪತ್ರಗಳೂ ಇರುತ್ತವೆ. ಡಿಲೀಟ್ ಮಾಡಿದರೆ, ಫಾರ್ಮ್ಯಾಟ್ ಮಾಡಿದರೆ ಅವು ಅಳಿಯುತ್ತವೆ ಎಂಬುದು ತಪ್ಪು ತಿಳುವಳಿಕೆ. ಸಾಮಾನ್ಯ ಫಾರ್ಮ್ಯಾಟ್ ಹೆಚ್ಚಾಗಿ ಪುಸ್ತಕದ ಪರಿವಿಡಿಯನ್ನು ಹರಿಯುತ್ತದೆ, ಪುಟಗಳು ಉಳಿಯುತ್ತವೆ. ಉಚಿತ ತಂತ್ರಾಂಶದಿಂದಲೇ ಅವನ್ನು ಮರಳಿ ಓದಬಹುದು. ಯಂತ್ರವನ್ನೇ ವಿನಿಮಯಕ್ಕೆ ಕೊಟ್ಟು ಹೊಸದು ತಂದ ಕಚೇರಿಗಳು ತಮ್ಮ ಜನರ ಗುಟ್ಟನ್ನೂ ಅದರ ಜೊತೆ ಕೊಟ್ಟಿರಬಹುದು.

ಕ್ಯಾನನ್ ಕಾನೂನಿನ 535ನೆಯ ವಿಧಿಯು ಪ್ರತಿ ಧರ್ಮಕೇಂದ್ರದಲ್ಲಿ ಸ್ನಾನದೀಕ್ಷೆ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಿರಬೇಕು, ಅವು ಹೊರಗಿನವರ ಕೈಗೆ ಬೀಳದಂತೆ ಕಾಪಾಡಬೇಕು ಎನ್ನುತ್ತದೆ. ಕಪಾಟಿಗೆ ಬೀಗ ಹಾಕುವ ನಾವು ಡಿಸ್ಕಿಗೆ ಬೀಗ ಹಾಕುವುದಿಲ್ಲ. ದೇಶದ ಕಾನೂನೂ ಈಗ ಈ ಕಡೆ ತಿರುಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಯಾಗಬೇಕೆಂದು ಗೊತ್ತುಪಡಿಸಲಾಗಿದೆ. ಸಿದ್ಧತೆಗೆ ಇದು ಸಕಾಲ.

ಹಳೆಯ ಹಾರ್ಡ್ ಡಿಸ್ಕನ್ನು ಪೂರ್ತಿ ಮೇಲೆಯೇ ಬರೆದು ಅಳಿಸುವ ತಂತ್ರಾಂಶಗಳಿವೆ. ಕೆಟ್ಟದ್ದಾದರೆ ತಟ್ಟೆಗಳಿಗೆ ತೂತು ಕೊರೆಸಿ. ಎಸ್‌ಎಸ್‌ಡಿಯಾದರೆ ತಯಾರಕರೇ ಕೊಡುವ ಅಳಿಸುವ ಸಾಧನ ಬಳಸಬೇಕು. ಅದರಲ್ಲಿ ಮೇಲೆ ಬರೆಯುವ ಕ್ರಮ ನಂಬುವಂಥದ್ದಲ್ಲ. ಆಮೇಲೆ ಗುಜರಿಗೆ ಕೊಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಅದು ತಲುಪಬೇಕು.

ಎಸ್‌ಎಸ್‌ಡಿಯ ಬಗ್ಗೆಯೂ ಒಂದು ಎಚ್ಚರಿಕೆ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಹೆಚ್ಚಾಗಿ ಸದ್ದು ಮಾಡಿ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಹಲವು ಸಲ ಏನೂ ಹೇಳದೆ ಹೋಗುತ್ತದೆ. ವರ್ಷಗಟ್ಟಲೆ ವಿದ್ಯುತ್ ಇಲ್ಲದೆ ಕಪಾಟಿನಲ್ಲಿಟ್ಟರೆ ಅದರಲ್ಲಿರುವ ಮಾಹಿತಿ ಮಾಸಬಹುದು. ಆದ್ದರಿಂದ ಅದು ದಿನದ ಕೆಲಸಕ್ಕೆ ಒಳ್ಳೆಯದು. ದಾಖಲೆಗಳ ಭಂಡಾರಕ್ಕೆ ಅದೊಂದನ್ನೇ ನಂಬಬೇಡಿ. ಕಾಗದದ ಪುಸ್ತಕವನ್ನಂತೂ ಬಿಡಲೇಬೇಡಿ. ನಮ್ಮನ್ನು ಉಳಿಸಿದ್ದು ಅದೇ.

ನಾವು ಮಾಡಬಹುದಾದದ್ದು

ಒಂದು ಭಾನುವಾರ ಮಧ್ಯಾಹ್ನ ಧರ್ಮಕೇಂದ್ರದ ಸಭಾಂಗಣದಲ್ಲಿ ಯುವಜನರು ನಾಲ್ಕು ಮೇಜು ಹಾಕಿ ಕೂರಲಿ. ಐಟಿಐ, ಇಂಜಿನಿಯರಿಂಗ್ ಓದುವವರು ಪ್ರತಿ ವಾಳೆಯಲ್ಲೂ ಇದ್ದಾರೆ. ಕಚೇರಿಯ, ಶಾಲೆಯ, ಮನೆಗಳ ನಿಧಾನವಾದ ಕಂಪ್ಯೂಟರುಗಳನ್ನು ಅಲ್ಲಿಗೆ ತರಲಿ. ಮೊದಲು ನಕಲು, ಆಮೇಲೆ ಸ್ಕ್ರೂ ಎಂಬ ನಿಯಮ ಇರಲಿ. ಯಾರ ಯಂತ್ರವೋ ಅವರೇ ಪಕ್ಕದಲ್ಲಿ ಕೂತು ನೋಡಲಿ, ಸಾಧ್ಯವಾದರೆ ಅವರೇ ಕೈ ಹಾಕಲಿ. ಹೊಸ ಯಂತ್ರ ಕೊಳ್ಳಲೇಬೇಕಾದಾಗ ಹಣಕಾಸು ಸಮಿತಿಯವರು ಅಂಗಡಿಯಲ್ಲಿ ಬೆಲೆಯ ಜೊತೆ ಇನ್ನೊಂದು ಪ್ರಶ್ನೆ ಕೇಳಲಿ: "ಇದರ ಡ್ರೈವನ್ನೂ ಮೆಮೊರಿಯನ್ನೂ ನಾವೇ ಬದಲಾಯಿಸಬಹುದೇ?" ಹತ್ತು ಜನ ಕೇಳಿದರೆ ಅಂಗಡಿಯವರು ಉತ್ತರ ಹುಡುಕಿಟ್ಟುಕೊಳ್ಳುತ್ತಾರೆ. ಸಾವಿರ ಜನ ಕೇಳಿದರೆ ಆ ಪ್ರಶ್ನೆ ತಯಾರಕರಿಗೂ ಮುಟ್ಟುತ್ತದೆ.

ತಾಂಡವಪುರದಿಂದ ಹೊರಡುವಾಗ ಆ ತಾಯಿ ಹೊರತೆಗೆದ ಹಳೆಯ ಡಿಸ್ಕನ್ನು ಪತ್ರಿಕೆಯಲ್ಲಿ ಸುತ್ತಿ ನಮ್ಮ ಕೈಗಿಟ್ಟರು. "ಇದನ್ನ ಇಲ್ಲೇ ಬಿಟ್ಟು ಹೋಗ್ಬೇಡಿ ಫಾದರ್, ನಿಮ್ಮೂರೋರ ಹೆಸರೆಲ್ಲ ಇದ್ರಲ್ಲಿ ಇದೆಯಂತೆ" ಎಂದರು. ಕಂಪ್ಯೂಟರ್ ಮುಟ್ಟಲು ಹೆದರುತ್ತಿದ್ದ ಅವರು ವಿಷಯವನ್ನು ನಮಗಿಂತ ಬೇಗ ಅರ್ಥ ಮಾಡಿಕೊಂಡಿದ್ದರು. ಆ ಪೊಟ್ಟಣವನ್ನು ಹುಷಾರಾಗಿ ಊರಿಗೆ ತಂದೆವು.

ಓದುಗರೇ, ಈ ವಾರ ನಿಮ್ಮ ಕಚೇರಿಯ ಕಂಪ್ಯೂಟರಿನ ಮುಂದೆ ಕೂತಾಗ ಆ ಹುಡುಗ ಕೇಳಿದ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ. ಇದರಲ್ಲಿರುವುದಕ್ಕೆಲ್ಲ ಇನ್ನೊಂದು ನಕಲು ಇದೆಯೇ? ಇಲ್ಲವೆಂದಾದರೆ ಸ್ಕ್ರೂಡ್ರೈವರ್ ನಾಳೆ ಹುಡುಕಬಹುದು. ನಕಲು ಇಂದೇ ಆಗಲಿ.